ನಮ್ಮ ಶೈಕ್ಷಣಿಕ ಜಿಲ್ಲೆಗೆ ವಿಶ್ವಕೋಶದಲ್ಲಿ ಸ್ಥಾನವಿದೆಯೆ?



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆಗಳಾದ ಮೇಲೆ ಒಂದು ವಿಷಯ ಎತ್ತಿದ. ಅವನ ಮಗ ಓದುತ್ತಿರುವ ಊರು ಅಲ್ಲಿನ ಲೆಕ್ಕದಲ್ಲಿ ಹಳ್ಳಿಯೇ. ಆ ಸುತ್ತಿನ ಮೂರು ಶಾಲೆಗಳು ಸೇರಿ ಒಂದು ‘ಸ್ಕೂಲ್ ಡಿಸ್ಟ್ರಿಕ್ಟ್’ ಆಗಿದೆ. ಅದರ ಮೇಲೆ ವಿಕಿಪೀಡಿಯದಲ್ಲಿ ಪ್ರತ್ಯೇಕ ಲೇಖನವಿದೆಯಂತೆ. “ಮಾಸ್ತರೇ, ಮೂರು ಶಾಲೆಗಳ ಡಿಸ್ಟ್ರಿಕ್ಟಿಗೆ ಅಲ್ಲಿ ಜಾಗವಿದೆ ಎಂದಾದರೆ ನಮ್ಮ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಯಾಕಿರಬಾರದು? ನಾನು ಬರೆಯಲೆ? ಜೊತೆಗೆ ನಮ್ಮೂರ ಶಾಲೆಯ ಬಗ್ಗೆಯೂ ಒಂದು ಲೇಖನ ಬರೆಯಲೆ?” ಎಂದು ಕೇಳಿದ.

ಪಕ್ಕದಲ್ಲಿ ಕುಳಿತಿದ್ದ ನನ್ನ ಸೋದರಳಿಯ ಈ ಮಾತು ಕೇಳಿ ನಕ್ಕ. “ಮಾವ, ಶೈಕ್ಷಣಿಕ ಜಿಲ್ಲೆ ಅಂದರೆ ಒಂದು ಆಫೀಸು, ಅಷ್ಟೆ. ಆಫೀಸಿಗೆಲ್ಲ ವಿಶ್ವಕೋಶದಲ್ಲಿ ಜಾಗ ಕೊಟ್ಟರೆ ನಾಳೆ ಅಂಚೆಪೆಟ್ಟಿಗೆಗೂ ಕೊಡಬೇಕಾದೀತು” ಎಂದ.

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದುದರಿಂದ ಆ ದಿನ ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಈಗ ಯೋಚಿಸಿ ಬರೆಯುತ್ತಿದ್ದೇನೆ. ಶೈಕ್ಷಣಿಕ ಜಿಲ್ಲೆಗೆ ವಿಶ್ವಕೋಶದಲ್ಲಿ ಸ್ಥಾನ ಸಲ್ಲಬೇಕು. ನಮ್ಮೂರ ಶಾಲೆಗೆ ಸದ್ಯಕ್ಕೆ ಸಲ್ಲದು. ಹಾಗೆ ಸಲ್ಲದಿರುವುದಕ್ಕೆ ಹೊಣೆ ವಿಶ್ವಕೋಶದ್ದಲ್ಲ, ನನ್ನಂತಹ ಮಾಸ್ತರರದು. ಇದು ನನ್ನ ಅಭಿಪ್ರಾಯ. ಕಾರಣಗಳನ್ನು ಒಂದೊಂದಾಗಿ ನಿವೇದಿಸುತ್ತೇನೆ.

ಮೊದಲು, ಹೊರ ಜಿಲ್ಲೆಗಳಲ್ಲಿರುವ ಬಂಧುಗಳಿಗಾಗಿ ಎರಡು ಮಾತು. ಕರ್ನಾಟಕದಲ್ಲಿ ಕಂದಾಯ ಜಿಲ್ಲೆಯೇ ಸಾಮಾನ್ಯವಾಗಿ ಶಿಕ್ಷಣ ಇಲಾಖೆಯ ಜಿಲ್ಲೆಯೂ ಹೌದು. ಕೆಲವೆಡೆ ಮಾತ್ರ ಒಂದು ಕಂದಾಯ ಜಿಲ್ಲೆಯನ್ನು ಎರಡಾಗಿ ವಿಂಗಡಿಸಿದ್ದಾರೆ. ಬೆಳಗಾವಿಯಿಂದ ಚಿಕ್ಕೋಡಿ, ತುಮಕೂರಿನಿಂದ ಮಧುಗಿರಿ, ಉತ್ತರ ಕನ್ನಡದಿಂದ ಶಿರಸಿ ಹೀಗೆ ಬೇರೆಯಾದವು. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಜಿಲ್ಲೆಗಳ ಪಟ್ಟಿಯಲ್ಲಿ ಈ ಹೆಸರುಗಳನ್ನು ನೀವು ನೋಡಿರುತ್ತೀರಿ. ನಮ್ಮಲ್ಲಿ ಘಟ್ಟದ ಕೆಳಗಿನ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಕಾರವಾರಕ್ಕೆ ಸೇರಿದರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ತಾಲ್ಲೂಕುಗಳು ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ದಾಂಡೇಲಿ ಶಿರಸಿಗೆ ಸೇರುತ್ತವೆ. ಶಿರಸಿಯಲ್ಲಿ ಉಪನಿರ್ದೇಶಕರ ಕಚೇರಿಯಿದೆ; ತಾಲ್ಲೂಕುಗಳಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ.

ಇನ್ನು ವಿಶ್ವಕೋಶದ ವಿಷಯ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದಿತು. ಒಟ್ಟು 14 ಸಂಪುಟಗಳಲ್ಲಿ ಜಗತ್ತಿನ ಜ್ಞಾನವನ್ನೆಲ್ಲ ತುಂಬಬೇಕಾಗಿದ್ದ ಆ ಸಂಪಾದಕರಿಗೆ ಪ್ರತಿಯೊಂದು ಪುಟವೂ ಲೆಕ್ಕದ್ದು. 2001ರಲ್ಲಿ ಇಂಗ್ಲಿಷಿನಲ್ಲಿಯೂ 2003ರಲ್ಲಿ ಕನ್ನಡದಲ್ಲಿಯೂ ಆರಂಭವಾದ ವಿಕಿಪೀಡಿಯಕ್ಕೆ ಕಾಗದದ ಚಿಂತೆ ಇಲ್ಲ. ಆದರೆ ಜಾಗವಿದೆ ಎಂಬ ಕಾರಣಕ್ಕೆ ಎಲ್ಲವನ್ನೂ ಸೇರಿಸುವುದಿಲ್ಲ. ಅಲ್ಲಿ ‘ಗಮನಾರ್ಹತೆ’ ಎಂಬ ಒರೆಗಲ್ಲು ಇದೆ. ವಿಷಯ ದೊಡ್ಡದೋ ಚಿಕ್ಕದೋ ಎಂದು ಅದು ಕೇಳುವುದಿಲ್ಲ. ಆ ವಿಷಯಕ್ಕೆ ಸಂಬಂಧವಿಲ್ಲದ, ನಂಬಲರ್ಹರಾದ ಬೇರೆಯವರು ಅದರ ಬಗ್ಗೆ ಸಾಕಷ್ಟು ವಿವರವಾಗಿ ಬರೆದು ಪ್ರಕಟಿಸಿದ್ದಾರೆಯೆ ಎಂದು ಕೇಳುತ್ತದೆ. ನೆನಪಿನಿಂದ ಬರೆಯುವಂತಿಲ್ಲ, ಸ್ವಂತ ಸಂಶೋಧನೆಯನ್ನು ಅಲ್ಲಿಯೇ ಮೊದಲಿಗೆ ಪ್ರಕಟಿಸುವಂತಿಲ್ಲ, ಹೊಗಳುವಂತಿಲ್ಲ, ತೆಗಳುವಂತಿಲ್ಲ. ಈ ನಿಯಮಗಳು ನನಗೆ ಒಪ್ಪಿಗೆ. ನಲವತ್ತು ಮಕ್ಕಳ ಪ್ರಬಂಧಗಳನ್ನು ವರ್ಷಗಟ್ಟಲೆ ತಿದ್ದಿದವನಿಗೆ ಇವುಗಳ ಬೆಲೆ ಗೊತ್ತು.

ಶಾಲೆಗಳ ವಿಷಯದಲ್ಲಿ ಇಂಗ್ಲಿಷ್ ವಿಕಿಪೀಡಿಯದ ಬರಹಗಾರರು ವರ್ಷಗಟ್ಟಲೆ ವಾದಿಸಿದ್ದಾರೆ. ಬಹುಕಾಲ ಅಲ್ಲಿ ಪ್ರೌಢಶಾಲೆಗಳ ಲೇಖನಗಳನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಿದ್ದರು. ಶಾಲೆಯೊಂದು ಇದೆ ಎಂಬುದಷ್ಟೇ ಸಾಲದು ಎಂಬ ನಿಲುವಿಗೆ 2017ರಲ್ಲಿ ಬಂದರು. ಪ್ರಾಥಮಿಕ ಶಾಲೆಯ ಲೇಖನವನ್ನು ಹೆಚ್ಚಾಗಿ ಆ ಊರಿನ ಅಥವಾ ಸ್ಕೂಲ್ ಡಿಸ್ಟ್ರಿಕ್ಟಿನ ಲೇಖನದಲ್ಲಿ ವಿಲೀನಗೊಳಿಸುತ್ತಾರೆ. ಡಿಸ್ಟ್ರಿಕ್ಟಿನ ಲೇಖನವನ್ನು ಮಾತ್ರ ಸಾಮಾನ್ಯವಾಗಿ ಅಳಿಸುವುದಿಲ್ಲ. ಕಾನೂನಿನಿಂದ ಗಡಿ ಗುರುತಿಸಲ್ಪಟ್ಟ, ಜನವಸತಿಯಿರುವ ಪ್ರದೇಶವೆಂದು ಅದನ್ನು ಊರಿನಂತೆಯೇ ಪರಿಗಣಿಸುತ್ತಾರೆ.

ಇಲ್ಲಿ ನನ್ನ ವಿದ್ಯಾರ್ಥಿಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟೂ ನಮ್ಮ ಶೈಕ್ಷಣಿಕ ಜಿಲ್ಲೆಯೂ ಒಂದೇ ಅಲ್ಲ. ಅಲ್ಲಿ ಹೆಚ್ಚಿನ ಕಡೆ ಡಿಸ್ಟ್ರಿಕ್ಟ್ ಎಂದರೆ ಜನರು ಚುನಾಯಿಸಿದ ಮಂಡಳಿ. ಅದಕ್ಕೆ ತೆರಿಗೆ ಎತ್ತುವ ಅಧಿಕಾರವಿರುವುದೂ ಉಂಟು. 1939–40ರಲ್ಲಿ ಅಂತಹ ಡಿಸ್ಟ್ರಿಕ್ಟುಗಳು 1,17,000ಕ್ಕೂ ಹೆಚ್ಚಿದ್ದವು. ಹಳ್ಳಿಯ ಏಕೋಪಾಧ್ಯಾಯ ಶಾಲೆಗಳನ್ನು ಒಟ್ಟುಗೂಡಿಸುತ್ತ ಬಂದು ಈಗ 13,000ದ ಆಸುಪಾಸಿಗೆ ಇಳಿದಿವೆ. ನಮ್ಮದು ರಾಜ್ಯ ಸರ್ಕಾರದ ಇಲಾಖೆಯ ಒಂದು ಘಟಕ. ತೆರಿಗೆಯೂ ಇಲ್ಲ, ಚುನಾವಣೆಯೂ ಇಲ್ಲ. ಆದುದರಿಂದ ‘ಅವರಿಗಿದೆ, ನಮಗೂ ಬೇಕು’ ಎಂಬ ವಾದ ಗಟ್ಟಿಯಾದುದಲ್ಲ. ಸೋದರಳಿಯನ ನಗುವಿಗೆ ಇಷ್ಟರಮಟ್ಟಿಗೆ ಆಧಾರವಿದೆ.

ಆದರೆ ಹಳ್ಳಿಗಾಡಿನ ಸ್ಕೂಲ್ ಡಿಸ್ಟ್ರಿಕ್ಟೊಂದರ ಮಾಹಿತಿ ಯಾರಿಗೆ ಬೇಕು ಎನ್ನುವವರು ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕ್ಲ್ಯಾರೆಂಡನ್ ಕೌಂಟಿಯ ಕಥೆಯನ್ನು ಕೇಳಬೇಕು. ಹತ್ತಿ ಬೆಳೆಯುವ ಹಳ್ಳಿಗಾಡು ಅದು. 1940ರ ದಶಕದಲ್ಲಿ ಅಲ್ಲಿ ಬಿಳಿಯ ಮಕ್ಕಳಿಗೆ ಮೂವತ್ತು ಶಾಲಾ ಬಸ್ಸುಗಳಿದ್ದವು; ಕಪ್ಪುವರ್ಣೀಯ ಮಕ್ಕಳಿಗೆ ಒಂದೂ ಇರಲಿಲ್ಲ. ಮೈಲಿಗಟ್ಟಲೆ ನಡೆದು ಬರುವ ಮಕ್ಕಳಿಗೆ ಒಂದು ಬಸ್ಸು ಕೊಡಿ ಎಂದು ಲೆವೈ ಪಿಯರ್ಸನ್ ಎಂಬ ರೈತ ನ್ಯಾಯಾಲಯಕ್ಕೆ ಹೋದ. 1948ರಲ್ಲಿ ಆ ದಾವೆ ಬಿದ್ದುಹೋಯಿತು. ಕಾರಣವೇನು ಗೊತ್ತೆ? ಅವನು ತೆರಿಗೆ ಕಟ್ಟುತ್ತಿದ್ದುದು ಒಂದು ಸ್ಕೂಲ್ ಡಿಸ್ಟ್ರಿಕ್ಟಿಗೆ, ಅವನ ಮಕ್ಕಳ ಶಾಲೆ ಇದ್ದುದು ಇನ್ನೊಂದರಲ್ಲಿ! ಕಚೇರಿಯ ನಕ್ಷೆಯ ಮೇಲಿನ ಒಂದು ಗೆರೆ ಮಕ್ಕಳ ಬಸ್ಸನ್ನು ತಡೆಯಿತು. ಆ ಊರಿನವರು ಸುಮ್ಮನಾಗಲಿಲ್ಲ. ಜೆ. ಎ. ಡಿಲೇನ್ ಎಂಬ ಪಾದ್ರಿ ಮುಂದಾಳಾಗಿ ಜನರನ್ನು ಸೇರಿಸಿದರು. ಅವರು ಶಾಲಾ ಮಾಸ್ತರರೂ ಆಗಿದ್ದವರು. ನೂರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಒಬ್ಬನಾದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ. ಅವನನ್ನು ಕೆಲಸದಿಂದ ತೆಗೆದರು. ಡಿಲೇನರ ಮನೆಗೆ ಬೆಂಕಿ ಬಿತ್ತು. 1949–50ರಲ್ಲಿ ಅಲ್ಲಿ ಬಿಳಿಯ ಮಗುವಿಗೆ 179 ಡಾಲರ್, ಕಪ್ಪುವರ್ಣೀಯ ಮಗುವಿಗೆ 43 ಡಾಲರ್ ಖರ್ಚಾಗುತ್ತಿತ್ತು ಎಂಬ ಲೆಕ್ಕ ಹೊರಬಂದಿತು. ಬ್ರಿಗ್ಸ್ ಹೆಸರಿನ ಆ ದಾವೆಯು ಬೇರೆ ದಾವೆಗಳೊಡನೆ ಸೇರಿ 1954ರ ಮೇ 17ರಂದು ‘ಬ್ರೌನ್’ ಮೊಕದ್ದಮೆಯ ತೀರ್ಪಾಯಿತು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸಾರಿತು.

ಪಿಯರ್ಸನ್ ಬಸ್ಸು ಕೇಳಿದ ದಿನ ಆ ಡಿಸ್ಟ್ರಿಕ್ಟು ‘ಗಮನಾರ್ಹ’ವೆಂದು ಯಾರೂ ಹೇಳುತ್ತಿರಲಿಲ್ಲ. ಮಗುವಿಗೆಷ್ಟು ಖರ್ಚು, ಬಸ್ಸುಗಳೆಷ್ಟು, ಗಡಿ ಎಲ್ಲಿ ಎಂಬುವು ಕಚೇರಿಯ ನೀರಸ ಅಂಕಿಗಳೇ ಆಗಿದ್ದವು. ಆ ನೀರಸ ಅಂಕಿಗಳು ಕಾಗದದ ಮೇಲೆ ಇದ್ದುದರಿಂದಲೇ ಅನ್ಯಾಯವನ್ನು ನ್ಯಾಯಾಲಯದಲ್ಲಿ ತೋರಿಸಲು ಸಾಧ್ಯವಾಯಿತು.

ಈಗ ನಮ್ಮ ಘಟ್ಟಕ್ಕೆ ಹಿಂದಿರುಗೋಣ. ಶಿರಸಿ ಶೈಕ್ಷಣಿಕ ಜಿಲ್ಲೆಯ ಲೇಖನದಲ್ಲಿ ಬರೆಯಲು ಏನಿದೆ? ಬಹಳವಿದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಒಂದೇ ಶಾಲೆ ಮೂರು ಆಡಳಿತಗಳ ಪದ್ಧತಿಯನ್ನು ಕಂಡಿರುವ ಸಾಧ್ಯತೆ ಇಲ್ಲಿದೆ. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಝೆಟಿಯರಿನ ಕೆನರಾ ಸಂಪುಟದಲ್ಲಿ ಶಿಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪಟ್ಟಣವೇ ನೀರಿನಲ್ಲಿ ಮುಳುಗಿತು. ಅಲ್ಲಿನ ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆನಿಂತವು. ಊರು ಮುಳುಗಿದಾಗ ಅದರ ಶಾಲೆಯೂ ಮುಳುಗುತ್ತದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು ಆಡುವ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸಿದ ಅಕ್ಕೋರುಗಳೆಷ್ಟೋ! ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕ ದಾಟಲಾಗದೆ ಮಕ್ಕಳು ಶಾಲೆ ತಪ್ಪಿಸಿಕೊಳ್ಳುವುದು ಇಂದಿಗೂ ಪತ್ರಿಕೆಗಳಲ್ಲಿ ವರದಿಯಾಗುವ ಸಂಗತಿ.

ಸೋದರಳಿಯನು ‘ಆಫೀಸು’ ಎಂದನಲ್ಲ, ಅವನ ತಪ್ಪು ಅಲ್ಲಿದೆ. ಆಫೀಸು ಒಂದು ಕಟ್ಟಡ. ಜಿಲ್ಲೆ ಒಂದು ಪ್ರದೇಶ. ಯಾವ ಹಳ್ಳಿಗೆ ಶಾಲೆ ಬಂದಿತು, ಯಾವುದಕ್ಕೆ ಬರಲಿಲ್ಲ, ಎಲ್ಲಿ ಶಾಲೆ ಮುಚ್ಚಿತು, ಪ್ರೌಢಶಾಲೆಗೆ ಮಗು ಎಷ್ಟು ದೂರ ನಡೆಯಬೇಕು ಎಂಬ ಪ್ರಶ್ನೆಗಳಿಗೆ ಒಟ್ಟಾಗಿ ಉತ್ತರ ದೊರೆಯಬಹುದಾದ ಸ್ಥಳ ಅದು. ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ಕೊಟ್ಟು ಸರ್ಕಾರ ಮಾಹಿತಿ ಸಂಗ್ರಹಿಸುತ್ತಿದೆ. ಪ್ರತಿವರ್ಷದ ಫಲಿತಾಂಶ ಪ್ರಕಟವಾಗುತ್ತದೆ. ಗೆಝೆಟಿಯರುಗಳಿವೆ, ಪತ್ರಿಕಾ ವರದಿಗಳಿವೆ. ಸೋದರಳಿಯನ ಅಂಚೆಪೆಟ್ಟಿಗೆಯ ಬಗ್ಗೆ ಇಷ್ಟು ಬರವಣಿಗೆ ಇರುವುದಾದರೆ ಅದಕ್ಕೂ ಲೇಖನ ಬರಲಿ, ನನ್ನ ಅಭ್ಯಂತರವಿಲ್ಲ. ಬರೆದವರು ಕೈಬಿಟ್ಟು ಹೋದರೆ ಹಳೆಯ ಅಂಕಿಗಳೇ ಉಳಿದು ಓದುಗರನ್ನು ದಾರಿ ತಪ್ಪಿಸುತ್ತವೆ ಎಂಬುದು ನಿಜವಾದ ಆಕ್ಷೇಪ. ಆದುದರಿಂದ ಬರೆಯುವವನು ಪ್ರತಿ ಅಂಕಿಯ ಮುಂದೆಯೂ ಇಸವಿ ಹಾಕಲಿ, ವರ್ಷಕ್ಕೊಮ್ಮೆಯಾದರೂ ತಿದ್ದುವ ಹೊಣೆ ಹೊರಲಿ. ಹೊರಲಾರದವನು ಬರೆಯದಿರುವುದೇ ಮೇಲು.

ಇನ್ನು ನಮ್ಮೂರ ಶಾಲೆ. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಆ ಶಾಲೆಯ ಬಗ್ಗೆ ಪ್ರಕಟವಾದ ಒಂದೇ ಒಂದು ಪುಸ್ತಕವೆಂದರೆ ಅದರ ಉತ್ಸವದ ಸ್ಮರಣ ಸಂಚಿಕೆ. ಅದರ ಸಂಪಾದಕ ನಾನೇ. ಮೊನ್ನೆ ಕಪಾಟಿನಿಂದ ತೆಗೆದು ನೋಡಿದೆ. ಮೊದಲ ಹತ್ತಾರು ಪುಟ ಗಣ್ಯರ ಶುಭ ಸಂದೇಶ. ಆಮೇಲೆ ದೇಣಿಗೆ ಕೊಟ್ಟವರ ಭಾವಚಿತ್ರ. ಆಮೇಲೆ ಅಂಗಡಿಗಳ ಜಾಹೀರಾತು. ಶಾಲೆಯ ಇತಿಹಾಸಕ್ಕೆ ಒಂದೂವರೆ ಪುಟ. ಅದರಲ್ಲಿಯೂ ಶಾಲೆ ಆರಂಭವಾದ ಇಸವಿ ಒಂದು ಕಡೆ ಒಂದು, ಇನ್ನೊಂದು ಕಡೆ ಬೇರೊಂದು! ಮಕ್ಕಳ ಕಾಪಿಯಲ್ಲಿ ಇಂತಹ ತಪ್ಪಿಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದವನು ತನ್ನ ಪುಸ್ತಕದಲ್ಲಿ ಅದನ್ನು ಗಮನಿಸಲಿಲ್ಲ. ಆಗ ಹಳೆಯ ದಾಖಲಾತಿ ರಿಜಿಸ್ಟರು ಕೈಗೆಟಕುವಂತಿತ್ತು. ಶಾಲೆಗೆ ಜಾಗ ಬಿಟ್ಟುಕೊಟ್ಟವರ ಮನೆಯ ಹಿರಿಯಜ್ಜಿ ಬದುಕಿದ್ದರು. ನಾನು ಕೇಳಲಿಲ್ಲ. ಈಗ ರಿಜಿಸ್ಟರಿನ ಮೊದಲ ಪುಟಗಳನ್ನು ಗೆದ್ದಲು ತಿಂದಿದೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದವು.

ಹೀಗಿರುವಾಗ ವಿಶ್ವಕೋಶ ನಮ್ಮ ಶಾಲೆಯನ್ನು ಒಪ್ಪದಿದ್ದರೆ ಅದು ನಮ್ಮನ್ನು ಅವಮಾನಿಸಿದಂತಲ್ಲ. ನಾವು ಕೊಡದ ಆಧಾರವನ್ನು ಅದು ಎಲ್ಲಿಂದ ತರಬೇಕು? ಶಾಲೆಯ ಮೇಲೆ ನಿಮಗಿರುವ ಪ್ರೀತಿ ಸತ್ಯ. ಆದರೆ ಪ್ರೀತಿ ಆಧಾರವಾಗುವುದಿಲ್ಲ. ‘ಗಮನಾರ್ಹತೆ’ಯ ನಿಯಮದಲ್ಲಿ ಒಂದು ಕುರುಡು ಇದೆ ಎಂಬುದನ್ನೂ ಹೇಳಬೇಕು. ಯಾರ ಬಗ್ಗೆ ಬರೆಯುವವರು ಇದ್ದಾರೋ ಅವರೇ ಅದರ ಕಣ್ಣಿಗೆ ಬೀಳುತ್ತಾರೆ. ನಗರದ ಶಾಲೆಯ ವಾರ್ಷಿಕೋತ್ಸವ ಪತ್ರಿಕೆಯಲ್ಲಿ ಬರುತ್ತದೆ. ಹದಿನಾಲ್ಕು ಮಕ್ಕಳ ಕಾಡಿನ ಶಾಲೆ ಮುಚ್ಚುವ ದಿನ ಮಾತ್ರ ಪತ್ರಿಕೆಗೆ ಬರುತ್ತದೆ. ಈ ಕುರುಡನ್ನು ನಿಯಮ ಸಡಿಲಿಸಿ ಹೋಗಲಾಡಿಸಲು ಸಾಧ್ಯವಿಲ್ಲ. ಸಡಿಲಿಸಿದರೆ ನನ್ನ ಸ್ಮರಣ ಸಂಚಿಕೆಯಂತಹವೇ ಅಲ್ಲಿಯೂ ತುಂಬಿಕೊಂಡಾವು. ಬರೆಯುವವರು ಹೆಚ್ಚಬೇಕು, ಸರಿಯಾಗಿ ಬರೆಯಬೇಕು, ದಾರಿ ಅದೊಂದೇ.

ಆದುದರಿಂದ ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗೆ ಹೇಳುವುದಿಷ್ಟು: ಮಗಾ, ಶೈಕ್ಷಣಿಕ ಜಿಲ್ಲೆಯ ಲೇಖನವನ್ನು ಬರೆ, ಕನ್ನಡದಲ್ಲಿಯೂ ಬರೆ. ನಮ್ಮ ಶಾಲೆಯನ್ನು ಅದರೊಳಗೆ ಒಂದು ಸಾಲಿನಲ್ಲಿ ಹೇಳಿದರೆ ಸಾಕು, ಹೊಗಳಬೇಡ.

ಉಳಿದ ವಿದ್ಯಾರ್ಥಿಗಳಲ್ಲಿ ಒಂದು ಪ್ರಾರ್ಥನೆ. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ, ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೀರಿ, ಕೆಲವರು ಪತ್ರಿಕೆಗಳಲ್ಲಿಯೂ ಇದ್ದೀರಿ. ಊರಿಗೆ ಬಂದಾಗ ನೀವು ಕಲಿತ ಶಾಲೆಯ ರಿಜಿಸ್ಟರು, ತಪಾಸಣೆಗೆ ಬಂದವರು ಬರೆದ ಶೇರಾ ಇವೆಲ್ಲ ಯಾವ ಸ್ಥಿತಿಯಲ್ಲಿವೆ ಎಂದು ವಿಚಾರಿಸಿ. ಮುಖ್ಯಾಧ್ಯಾಪಕರ ಅನುಮತಿ ಪಡೆದು, ಮಕ್ಕಳ ಖಾಸಗಿ ವಿವರಗಳನ್ನು ಬಹಿರಂಗಪಡಿಸದೆ, ಆರಂಭದ ಇಸವಿ, ಕಟ್ಟಡ, ಶಿಕ್ಷಕರು, ಮಕ್ಕಳ ಸಂಖ್ಯೆ ಇಷ್ಟನ್ನು ಟಿಪ್ಪಣಿ ಮಾಡಿಕೊಳ್ಳಿ. ಹಿರಿಯರನ್ನು ಮಾತನಾಡಿಸಿ. ಮುಂದೆ ಸ್ಮರಣ ಸಂಚಿಕೆ ಮಾಡುವ ಪ್ರಸಂಗ ಬಂದರೆ ಸಂದೇಶಗಳಿಗೆ ಎರಡು ಪುಟ ಸಾಕು, ಉಳಿದುದನ್ನು ಇತಿಹಾಸಕ್ಕೆ ಬಿಡಿ. ಹಾಗೆ ಅಚ್ಚಾದುದನ್ನು ನಿಮಗೆ ಪರಿಚಯವಿಲ್ಲದ ಒಬ್ಬರು ಓದಿ, ಪರಿಶೀಲಿಸಿ, ತಮ್ಮ ಪುಸ್ತಕದಲ್ಲಿ ಬರೆದ ದಿನ ನಮ್ಮೂರ ಶಾಲೆಗೂ ವಿಶ್ವಕೋಶದ ಬಾಗಿಲು ತಾನಾಗಿ ತೆರೆಯುತ್ತದೆ.

ಗೆದ್ದಲು ತಿಂದು ಉಳಿದ ಪುಟಗಳನ್ನು ಓದಿ ಬರೆದುಕೊಳ್ಳುವ ಕೆಲಸವನ್ನು ಈ ಸೋಮವಾರದಿಂದ ನಾನು ಆರಂಭಿಸುತ್ತಿದ್ದೇನೆ. ಕಣ್ಣು ಮೊದಲಿನಂತಿಲ್ಲ. ಹತ್ತಿರದಲ್ಲಿರುವವರು ಯಾರಾದರೂ ವಾರಕ್ಕೊಂದು ದಿನ ಬಂದು ಜೊತೆಗೆ ಕುಳಿತರೆ ಉಪಕಾರವಾಗುತ್ತದೆ.

ಎಲ್ಲರಿಗೂ ಶುಭವಾಗಲಿ.