ನಮ್ಮ ಪತ್ರಗಳಿಗೊಂದು ಪದಸೂಚಿ: ಇ-ಮೇಲ್ ಶೋಧ ಮತ್ತು ಕನ್ನಡ ವ್ಯಾಕರಣ

ಕನ್ನಡ ಸಂಶೋಧನೆಯಲ್ಲಿ ಪತ್ರವ್ಯವಹಾರಕ್ಕೆ ಇರುವ ಸ್ಥಾನ ಇಂದು ನಿನ್ನೆಯದಲ್ಲ. ಒಂದು ಪಾಠಾಂತರವನ್ನು ಕುರಿತು, ಒಂದು ಶಾಸನದ ಸವೆದ ಸಾಲನ್ನು ಕುರಿತು, ಒಂದು ಸ್ಥಳನಾಮದ ನಿಷ್ಪತ್ತಿಯನ್ನು ಕುರಿತು ವಿದ್ವಾಂಸರು ಪರಸ್ಪರ ಬರೆದುಕೊಂಡ ಕಾಗದಗಳು ಅನೇಕ ವೇಳೆ ಅಚ್ಚಾದ ಲೇಖನಗಳಷ್ಟೇ ಬೆಲೆಯುಳ್ಳವು. ಹಿಂದಿನವರು ಅವನ್ನು ತಂತಿಗೆ ಚುಚ್ಚಿಯೋ ಪೆಟ್ಟಿಗೆಯಲ್ಲಿ ಕಟ್ಟಿಯೋ ಇಡುತ್ತಿದ್ದರು. ನಮ್ಮ ತಲೆಮಾರಿನ ಸಂಶೋಧಕರ ಇಂಥ ಕಾಗದಗಳೆಲ್ಲ ಇ-ಮೇಲ್‌ನಲ್ಲಿವೆ. ಅವು ಯಾರ ವಶದಲ್ಲಿವೆ, ಬೇಕಾದಾಗ ಕೈಗೆ ಸಿಗುತ್ತವೆಯೆ ಎಂಬ ಪ್ರಶ್ನೆಯನ್ನು ಮಾತ್ರ ನಮ್ಮ ವಿಭಾಗಗಳು ಕೇಳಿಕೊಂಡಂತಿಲ್ಲ.

ಈ ಪ್ರಶ್ನೆ ನನಗೆ ಎದುರಾದದ್ದು ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ. ವೀರಗಲ್ಲೊಂದರ ಸವೆದ ಸಾಲಿಗೆ ನಾನು ಕೊಟ್ಟಿದ್ದ ಪಾಠವನ್ನು ನೋಡಿದ ಮಾರ್ಗದರ್ಶಕರು ಪಕ್ಕದಲ್ಲಿ ‘ಆಧಾರ?’ ಎಂದು ಬರೆದಿದ್ದರು. ಆಧಾರವಿತ್ತು. ಆ ಊರಿನ ನಿವೃತ್ತ ಶಾಲಾ ಮೇಷ್ಟ್ರೊಬ್ಬರು 2016ರಲ್ಲಿ ಕಲ್ಲನ್ನು ಬೆಳಗಿನ ಓರೆಬಿಸಿಲಿನಲ್ಲಿ ಓದಿ, ಅಕ್ಷರ ಅಕ್ಷರವನ್ನೂ ವಿವರಿಸಿ ನನಗೆ ಬರೆದಿದ್ದರು. ಈಗ ಮೇಷ್ಟ್ರಿಲ್ಲ. ಗುಡಿಯ ಜೀರ್ಣೋದ್ಧಾರದಲ್ಲಿ ಕಲ್ಲಿಗೆ ಬಣ್ಣ ಬಳಿದುದರಿಂದ ಸಾಲೂ ಇಲ್ಲ. ಉಳಿದಿರುವುದು ಆ ಪತ್ರವೊಂದೆ. ಜಾಲತಾಣದ ಹುಡುಕುಪೆಟ್ಟಿಗೆಯಲ್ಲಿ ‘ವೀರಗಲ್ಲು’ ಎಂದು ಬರೆದು ನೋಡಿದೆ. ಬೇರೆ ಹತ್ತಾರು ಪತ್ರಗಳು ಬಂದವು, ಅದು ಬರಲಿಲ್ಲ. ಅತಿಥಿ ಉಪನ್ಯಾಸಕ ವೃತ್ತಿಯ ಕಾಲದಲ್ಲಿ ಕಾಲೇಜೊಂದು ಕೊಟ್ಟಿದ್ದ ಖಾತೆ, ನಾನು ಅಲ್ಲಿಂದ ಹೊರಬಂದ ಕೆಲವೇ ತಿಂಗಳಲ್ಲಿ ಎರಡು ವರ್ಷದ ಪತ್ರಗಳ ಸಮೇತ ಮುಚ್ಚಿಹೋಗಿತ್ತು. ಇದೂ ಅದರೊಡನೆ ಹೋಯಿತೆಂದೇ ಭಾವಿಸಿದೆ.

ಸ್ನೇಹಿತರೊಬ್ಬರ ಸಲಹೆಯಂತೆ ಉಳಿದ ಖಾತೆಯ ಪತ್ರಗಳನ್ನೆಲ್ಲ ನನ್ನ ಗಣಕಯಂತ್ರಕ್ಕೆ ಇಳಿಸಿಕೊಂಡೆ. ಲಿನಕ್ಸ್‌ನಲ್ಲಿ ಮಟ್ ಎಂಬ ಪತ್ರವಾಚಕ ತಂತ್ರಾಂಶವಿದೆ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಆರಂಭಿಸಿದ ಇದರಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಕಪ್ಪು ಪರದೆಯ ಮೇಲೆ ಅಕ್ಷರಗಳು ಮಾತ್ರ, ಎಲ್ಲವೂ ಕೀಲಿಮಣೆಯಿಂದ. ಎಂಬಿಸಿಂಕ್ ಎಂಬ ಇನ್ನೊಂದು ತಂತ್ರಾಂಶ ಪತ್ರಗಳನ್ನು ತಂದು ಒಂದೊಂದನ್ನೂ ಒಂದೊಂದು ಪ್ರತ್ಯೇಕ ಕಡತವಾಗಿ ಇಡುತ್ತದೆ. ಅದನ್ನು ಕೆಳಗಿಳಿಸುವ ದಿಕ್ಕಿಗೆ ಮಾತ್ರ ಹೊಂದಿಸುವುದು ಕ್ಷೇಮ. ಇಲ್ಲವಾದರೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಸಿಹೋಗಬಹುದು. ಮಟ್ ತಾನೇ ಹುಡುಕಬಲ್ಲದು. ಆದರೆ ಪತ್ರದ ಒಡಲಲ್ಲಿ ಹುಡುಕಬೇಕಾದರೆ ಒಂದೊಂದೇ ಕಡತವನ್ನು ತೆರೆದು ಓದುತ್ತ ಹೋಗುತ್ತದೆ. ಎಂಟು ವರ್ಷದ ಪತ್ರಗಳನ್ನು ಹೀಗೆ ಹುಡುಕಲು ಬಿಟ್ಟು ಕಾಫಿ ಕುಡಿದು ಬರಬಹುದು.

ಕಡತಗಳು ಹೇಗೂ ನಮ್ಮಲ್ಲಿವೆ, ಗ್ರೆಪ್‌ನಂಥ ಸಾಮಾನ್ಯ ಶೋಧಕದಿಂದ ನೇರವಾಗಿ ಹುಡುಕಬಾರದೇಕೆ ಎಂದು ಗಣಕಯಂತ್ರ ಬಲ್ಲವರು ಕೇಳಬಹುದು. ಇಂಗ್ಲಿಷ್ ಪತ್ರಗಳ ಮಟ್ಟಿಗೆ ಅದು ಬಹುಪಾಲು ಸಾಧ್ಯ. ಕನ್ನಡದ ಇ-ಮೇಲ್ ಸಾಮಾನ್ಯವಾಗಿ ಬೇಸ್64 ಎಂಬ ಸಂಕೇತದಲ್ಲಿ ರವಾನೆಯಾಗುತ್ತದೆ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ 5 ಸಂಕೇತಗಳು. ಯುಟಿಎಫ್-8ರಲ್ಲಿ ಅವು 15 ಬೈಟುಗಳು. ಬೇಸ್64ಕ್ಕೆ ತಿರುಗಿದಾಗ 20 ರೋಮನ್ ಅಕ್ಷರ-ಅಂಕಿಗಳ ಸರಪಳಿ. ಕಡತವನ್ನು ಬಿಚ್ಚಿ ನೋಡಿದರೆ ಕನ್ನಡದ ಒಂದು ಅಕ್ಷರವೂ ಅಲ್ಲಿ ಕಾಣುವುದಿಲ್ಲ.

ಈ ಎರಡು ತೊಡಕನ್ನೂ ನೀಗುವುದು ನಾಟ್‌ಮಚ್ ಎಂಬ ತಂತ್ರಾಂಶ. ಕಾರ್ಲ್ ವರ್ತ್ 2009ರಲ್ಲಿ ಆರಂಭಿಸಿದ ಇದು ಪ್ರತಿ ಪತ್ರವನ್ನೂ ಒಮ್ಮೆ ಮಾತ್ರ ಓದಿ, ಸಂಕೇತವನ್ನು ಬಿಡಿಸಿ, ಯಾವ ಪದ ಯಾವ ಪತ್ರದಲ್ಲಿದೆಯೆಂಬ ಪದಸೂಚಿಯನ್ನು ಜಾಪಿಯನ್ ಎಂಬ ಶೋಧಭಂಡಾರದಲ್ಲಿ ಕಟ್ಟಿಡುತ್ತದೆ. ನಾವು ಹುಡುಕುವಾಗ ಅದು ಪತ್ರಗಳತ್ತ ಹೋಗುವುದಿಲ್ಲ, ಸೂಚಿಯನ್ನು ನೋಡುತ್ತದೆ. ಗ್ರಂಥಸಂಪಾದನೆ ಮಾಡಿದವರಿಗೆ ಇದರಲ್ಲಿ ವಿವರಿಸಬೇಕಾದುದೇನೂ ಇಲ್ಲ. ಕಾವ್ಯದ ಕೊನೆಯ ಅಕಾರಾದಿಗೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಹೊಂದಿಸುವ ಕೆಲಸ ಹೆಸರು, ವಿಳಾಸ, ಕಡತಗಳಿರುವ ಜಾಗ ಇಷ್ಟನ್ನು ಕೇಳಿ ಮುಗಿಯುತ್ತದೆ. ಮಟ್‌ನ ಪರಿಷ್ಕೃತ ರೂಪವಾದ ನಿಯೋಮಟ್‌ನಲ್ಲಿ ಇದರ ಬಳಕೆಗೆ ಒಳಗಡೆಯೇ ಅನುಕೂಲವಿದೆ. ಫಲಿತಾಂಶ ಕೀಲಿ ಒತ್ತಿದ ಕೈ ಎತ್ತುವುದರೊಳಗೆ ಬರುತ್ತದೆ.

ಬಂದದ್ದೇನೋ ಸರಿ, ಮೇಷ್ಟ್ರ ಪತ್ರ ಇಲ್ಲಿಯೂ ಬರಲಿಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಸೂಚಿ ನನ್ನ ಯಂತ್ರದಲ್ಲಿದ್ದುದರಿಂದ ಅದರೊಳಗಿನ ಪದಗಳನ್ನೇ ಪಟ್ಟಿ ಮಾಡಿಸಿ ನೋಡಲು ಸಾಧ್ಯವಾಯಿತು. ‘ವೀರಗಲ್ಲಿನ’, ‘ವೀರಗಲ್ಲನ್ನು’, ‘ವೀರಗಲ್ಲಿನಲ್ಲಿ’, ‘ವೀರಗಲ್ಲುಗಳು’ ಎಲ್ಲವೂ ಅಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಪದಗಳು. ಮೇಷ್ಟ್ರು ಪತ್ರದುದ್ದಕ್ಕೂ ‘ವೀರಗಲ್ಲಿನ’ ಎಂದೇ ಬರೆದಿದ್ದರು. ‘ವೀರಗಲ್ಲ’ ಎಂದು ಬರೆದು ಕೊನೆಗೊಂದು ನಕ್ಷತ್ರಚಿಹ್ನೆ ಹಾಕಿದಾಗ, ಹಾಗೆ ಆರಂಭವಾಗುವ ರೂಪಗಳೆಲ್ಲ ಬಂದವು. ಕಳೆದುಹೋಯಿತೆಂದುಕೊಂಡಿದ್ದ ಪತ್ರವೂ ಬಂತು.

ನಕ್ಷತ್ರಚಿಹ್ನೆಯಿಂದ ಸಮಸ್ಯೆ ಬಗೆಹರಿಯಿತೆಂದು ತಿಳಿಯುವಂತಿಲ್ಲ. ‘ಮರ’ ಎಂದು ಬರೆದು ಚಿಹ್ನೆ ಹಾಕಿದರೆ ಮರದ, ಮರಗಳು ಎಂಬುವುಗಳ ಜೊತೆಗೆ ಮರಣ, ಮರಿ, ಮರೆವು, ಮರ್ಯಾದೆ ಎಲ್ಲವೂ ಸಾಲುಗಟ್ಟಿ ಬರುತ್ತವೆ. ಯೂನಿಕೋಡ್‌ನಲ್ಲಿ ವ್ಯಂಜನದೊಳಗಿನ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ, ಉಳಿದ ಸ್ವರಚಿಹ್ನೆಗಳು ಮಾತ್ರ ವ್ಯಂಜನದ ಮುಂದೆ ಬಂದು ಸೇರುತ್ತವೆ. ಆದ್ದರಿಂದ ಯಂತ್ರದ ಕಣ್ಣಿಗೆ ‘ಮರಿ’ಯ ಮೊದಲಲ್ಲಿ ‘ಮರ’ ಇದ್ದೇ ಇದೆ. ಉಕಾರಾಂತಗಳದ್ದು ಇನ್ನೊಂದು ಕಷ್ಟ. ‘ಕಾಲು’ ಎಂಬುದರ ವಿಭಕ್ತಿರೂಪಗಳನ್ನು ಹಿಡಿಯಬೇಕಾದರೆ ಉಕಾರವನ್ನು ಬಿಟ್ಟು ಹುಡುಕಬೇಕು. ಬಿಟ್ಟರೆ ಕಾಲ, ಕಾಲುವೆ, ಕಾಲೇಜು ಮೂರೂ ಒಳನುಗ್ಗುತ್ತವೆ. ಇನ್ನು ‘ಕಲ್ಲು’ ಎಂದು ಹುಡುಕಿದವನಿಗೆ ವೀರಗಲ್ಲೂ ಮಾಸ್ತಿಗಲ್ಲೂ ಎಂದಿಗೂ ಸಿಗುವುದಿಲ್ಲ. ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿರುವುದು ಒಂದು ಕಾರಣ. ನಾಟ್‌ಮಚ್‌ನಲ್ಲಿ ಚಿಹ್ನೆಯನ್ನು ಪದದ ಕೊನೆಗೆ ಮಾತ್ರ ಹಾಕಬಹುದೆಂಬುದು ಇನ್ನೊಂದು. ಕ್ರಿಯಾಪದಗಳ ಮಾತನ್ನು ಎತ್ತದಿರುವುದೇ ಲೇಸು: ಬರು, ಬಂದ, ಬಾ.

ಇವು ಯಾವುವೂ ಗಣಕವಿಜ್ಞಾನದ ಸಮಸ್ಯೆಗಳಲ್ಲ. ಪ್ರಕೃತಿ ಯಾವುದು, ಪ್ರತ್ಯಯ ಯಾವುದು, ಅವೆರಡರ ನಡುವೆ ಬರುವ ಆಗಮವೇನು, ಕ-ತ-ಪಗಳು ಎಲ್ಲಿ ಗ-ದ-ಬಗಳಾಗುತ್ತವೆ ಎಂಬುದನ್ನು ಕೇಶಿರಾಜ 13ನೆಯ ಶತಮಾನದಲ್ಲಿ ಸೂತ್ರಗಳಲ್ಲಿ ಹೇಳಿದ್ದಾನೆ. ನಾವು ಪ್ರತಿವರ್ಷ ತರಗತಿಯಲ್ಲಿ ಪಾಠ ಹೇಳುತ್ತಿದ್ದೇವೆ. ಇಂಗ್ಲಿಷ್ ಪದಗಳ ಪ್ರತ್ಯಯ ಕಳಚಿ ಮೂಲರೂಪಕ್ಕೆ ತರುವ ಕೆಲಸವನ್ನು ನಾಟ್‌ಮಚ್ ತಾನೇ ಮಾಡುತ್ತದೆ. ಇಂಥ ನಿಯಮಾವಳಿಗಳ ಮುಕ್ತ ಸಂಗ್ರಹವಾದ ಸ್ನೋಬಾಲ್‌ನಲ್ಲಿ ತಮಿಳಿದೆ, ಹಿಂದಿಯಿದೆ, ನೇಪಾಳಿಯೂ ಇದೆ. ಕನ್ನಡವಿಲ್ಲ. ಕನ್ನಡ ಪದಗಳ ಮೂಲರೂಪ ಶೋಧನೆಯನ್ನು ಕುರಿತು ಗಣಕವಿಜ್ಞಾನಿಗಳು ಲೇಖನಗಳನ್ನು ಪ್ರಕಟಿಸಿದ್ದಾರೆ, ನಿಜ. ಆದರೆ ಲೇಖನ ಪ್ರಕಟವಾಗುವುದು ಬೇರೆ, ನಿಯಮಗಳು ಎಲ್ಲರ ಬಳಕೆಯ ತಂತ್ರಾಂಶದೊಳಗೆ ಸೇರುವುದು ಬೇರೆ. ಕನ್ನಡ ವಿಭಾಗಗಳು ಇದನ್ನು ‘ಅವರ ಕೆಲಸ’ವೆಂದು ಬಿಟ್ಟುಕೊಟ್ಟಿರುವುದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬಿಟ್ಟುಕೊಟ್ಟರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಪದದ ಕೊನೆಯ ‘ಇನ’ವನ್ನು ಕಳಚಿ ಉಕಾರ ಸೇರಿಸು ಎಂಬ ನಿಯಮವನ್ನು ಯಂತ್ರಕ್ಕೆ ಕೊಟ್ಟೆವೆನ್ನೋಣ. ‘ಊರಿನ’ ಊರಾಗುತ್ತದೆ, ‘ಕಲ್ಲಿನ’ ಕಲ್ಲಾಗುತ್ತದೆ, ‘ಅರಿಸಿನ’ವು ‘ಅರಿಸು’ ಆಗುತ್ತದೆ! ಯಾವ ನಿಯಮಕ್ಕೆ ಯಾವ ಅಪವಾದ, ಹಳಗನ್ನಡದ ಪತ್ಯಯಗಳಿಗೂ ಹೊಸಗನ್ನಡದವಕ್ಕೂ ಒಂದೇ ಪಟ್ಟಿ ಸಾಲುತ್ತದೆಯೆ ಎಂಬುದನ್ನು ನಿರ್ಣಯಿಸಬಲ್ಲವರು ವ್ಯಾಕರಣ ಬಲ್ಲವರೇ. ಎಂ.ಫಿಲ್., ಪಿಎಚ್.ಡಿ.ಗಳಿಗೆ ಕಾರಕ-ವಿಭಕ್ತಿಗಳ ಮೇಲೆ ಸಾಕಷ್ಟು ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಒಂದಾದರೂ ಅನುಬಂಧವಾಗಿ ಇಂಥದೊಂದು ನಿಯಮಾವಳಿಯನ್ನು ಕೊಡಬಹುದಿತ್ತು.

ಹಳೆಯ ಅಕ್ಷರವಿನ್ಯಾಸಗಳ ಸಂಗತಿಯನ್ನೂ ಇಲ್ಲಿ ಹೇಳಬೇಕು. ಮೇಷ್ಟ್ರು ಅದಕ್ಕೂ ಹಿಂದೆ ಬರೆದಿದ್ದ ನಾಲ್ಕಾರು ಪತ್ರಗಳು ನುಡಿಯ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದವು. ಅಲ್ಲಿ ಕನ್ನಡ ಅಕ್ಷರದ ತುಂಡುಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕುಳಿತಿರುವುದರಿಂದ ಸೂಚಿಗೆ ಕಾಣುವುದು ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಪರದೇಶಿ ಅಕ್ಷರಗಳ ರಾಶಿ. ಅವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದು, ಪರಿವರ್ತಿತ ಪ್ರತಿಯನ್ನು ನನಗೆ ನಾನೇ ಕಳುಹಿಸಿಕೊಂಡೆ. ಮೂಲವನ್ನು ಅಳಿಸಲಿಲ್ಲ, ಪರಿವರ್ತಕವೂ ಒಬ್ಬ ಲಿಪಿಕಾರನೇ, ಅವನಿಗೂ ಸ್ಖಾಲಿತ್ಯಗಳಿವೆ. ಕನ್ನಡ ಅಂಕಿಗಳಲ್ಲಿ ಬರೆದ ಇಸವಿಯನ್ನು ಇಂಗ್ಲಿಷ್ ಅಂಕಿಯಲ್ಲಿ ಹುಡುಕಿದರೆ ಸಿಗದು, ಎರಡನ್ನೂ ಕೊಡಬೇಕು. ಲಗತ್ತಿಸಿದ ಲೇಖನಗಳ ಕಡತದ ಹೆಸರು ಮಾತ್ರ ಸೂಚಿಯಲ್ಲಿರುತ್ತದೆ, ಒಳಗಿನ ವಿಷಯವಲ್ಲ.

ಅಕ್ಷರಮಾತ್ರದ ಪರದೆಯಲ್ಲಿ ಕನ್ನಡದ ಚೆಲುವನ್ನು ನಿರೀಕ್ಷಿಸಬಾರದೆಂದೂ ಒಪ್ಪಿಕೊಳ್ಳಬೇಕು. ಅದು ಒಂದೇ ಅಗಲದ ಚೌಕಗಳ ಪರದೆ. ಅನೇಕ ಕಡೆ ಒತ್ತಕ್ಷರಗಳು ಕಳಚಿಬೀಳುತ್ತವೆ, ಕೊಂಬು ಪಕ್ಕದ ಮನೆಗೆ ಹೋಗುತ್ತದೆ. ನಾನು ಅಲ್ಲಿ ಹುಡುಕುತ್ತೇನೆ, ಸಿಕ್ಕಿದ ಪತ್ರವನ್ನು ಬೇರೆಡೆ ತೆರೆದು ಓದುತ್ತೇನೆ. ಇಷ್ಟು ತೊಂದರೆಯೇಕೆ, ಜಾಲತಾಣವೇ ಸಾಲದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅಲ್ಲಿ ಪತ್ರ ಸಿಗದಿದ್ದಾಗ, ಅದು ಇಲ್ಲವೆಂದು ಸಿಗಲಿಲ್ಲವೋ, ನನ್ನ ಭಾಷೆಯ ವ್ಯಾಕರಣ ತಿಳಿಯದೆ ಸಿಗಲಿಲ್ಲವೋ ಎಂಬುದನ್ನು ತಿಳಿಯುವ ದಾರಿ ನನಗಿರಲಿಲ್ಲ.

ಅಧ್ಯಾಯದ ಆ ಪುಟಕ್ಕೆ ಈಗ ಅಡಿಟಿಪ್ಪಣಿ ಬಂದಿದೆ. ‘ಖಾಸಗಿ ಪತ್ರ’ವೆಂದರೆ ಬೇರೆಯವರು ಪರಿಶೀಲಿಸುವುದು ಹೇಗೆ ಎಂದು ಮಾರ್ಗದರ್ಶಕರು ಮತ್ತೆ ಕೇಳಿದರು. ಮೇಷ್ಟ್ರ ಮಗಳಿಗೆ ದೂರವಾಣಿ ಮಾಡಿ ಒಪ್ಪಿಗೆ ಪಡೆದು, ಪತ್ರದ ಮುದ್ರಿತ ಪ್ರತಿಯೊಂದನ್ನೂ ಮೂಲ ಕಡತವನ್ನೂ ವಿಭಾಗದ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಇ-ಮೇಲ್‌ಗೆ ದಾಖಲೆ ಸಂಖ್ಯೆ ಕೊಡುವ ಕ್ರಮ ಅಲ್ಲಿಲ್ಲದ್ದರಿಂದ ಸದ್ಯಕ್ಕೆ ಅದು ಹಸ್ತಪ್ರತಿಗಳ ಕಪಾಟಿನಲ್ಲಿದೆ.