ಡಂಗುರಕ್ಕೂ ಒಂದು ಕ್ರಮವಿತ್ತು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ಬದುಕು ಕಟ್ಟಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಗಳೊಡನೆ ಇಂದು ಒಂದು ಜಗಳವಾಡುವುದಿದೆ. ಇದನ್ನು ಓದುವ ಬಂಧುಗಳು ಬೇಕಾದರೆ ಪಂಚಾಯಿತಿಗೆ ಕುಳಿತುಕೊಳ್ಳಲಿ. ನನ್ನ ಆರೋಪ ಇಷ್ಟು: ಯಜಮಾನನಿಲ್ಲದ ಜಾಲವೊಂದರಲ್ಲಿ ಒಂದು ಸುದ್ದಿಯನ್ನು ಎಲ್ಲರಿಗೂ ಬೇಗನೆ, ಅನಾವಶ್ಯಕ ಗದ್ದಲವಿಲ್ಲದೆ ತಲುಪಿಸುವ ವಿದ್ಯೆ ನಿಮಗೆ ಗೊತ್ತಿದೆ. ಯಂತ್ರಗಳಿಗಾಗಿ ದಿನವೂ ಅದನ್ನು ಮಾಡಿ ಸಂಬಳ ಪಡೆಯುತ್ತೀರಿ. ಸಂಜೆ ಮನೆಗೆ ಬಂದ ಮೇಲೆ, ನೀವಿರುವ ಬಡಾವಣೆಯ ಮನುಷ್ಯರ ವಿಷಯದಲ್ಲಿ ಮಾತ್ರ, ಫಾರ್ವರ್ಡ್ ಗುಂಡಿ ಒತ್ತುವುದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ.

ನಾನು ಗಣಿತದ ಮೇಷ್ಟ್ರು, ಲೆಕ್ಕದಿಂದಲೇ ಹೊರಡುತ್ತೇನೆ. ನೂರು ಮನೆಗಳಿವೆ. ಸುದ್ದಿ ತಿಳಿದ ಪ್ರತಿಯೊಬ್ಬನೂ ಉಳಿದ 99 ಮಂದಿಗೂ ಹೇಳಿದರೆ ಒಟ್ಟು 9,900 ಸಂದೇಶಗಳಾಗುತ್ತವೆ. ಒಬ್ಬೊಬ್ಬರು ಯಾವ ಮೂವರಿಗೆ ಹೇಳಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಮರದ ಕೊಂಬೆಗಳಂತೆ ಕವಲೊಡೆದು ಕೇವಲ 99 ಸಂದೇಶಗಳಲ್ಲಿ, ನಾಲ್ಕೇ ಸುತ್ತುಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮೊದಲ ಮೂವರಲ್ಲಿ ಒಬ್ಬ ನಿದ್ದೆ ಹೋಗಿದ್ದರೆ ಮೂರನೆಯ ಒಂದು ಪಾಲು ಮನೆಗಳಿಗೆ ಸುದ್ದಿಯೇ ಇಲ್ಲ. ಅದಕ್ಕಾಗಿ ಪ್ರತಿ ಮನೆಗೂ ಎರಡು ಕಡೆಯಿಂದ ಸುದ್ದಿ ಬರುವಂತೆ ಮಾಡಬೇಕು; ಆಗಲೂ 200ರ ಒಳಗೇ ಮುಗಿಯುತ್ತದೆ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಒಂದೇ ಸಂದೇಶ ಜಾಲದೊಳಗೆ ಸುತ್ತಿ ಸುತ್ತಿ ಬಂದು ಯಂತ್ರಗಳನ್ನೆಲ್ಲ ಸ್ತಬ್ಧಗೊಳಿಸುವುದನ್ನು ತಪ್ಪಿಸಲು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲಿ ಇಂಥದೇ ಮರದ ಕ್ರಮವನ್ನು ಪ್ರಕಟಿಸಿದರು. ಒಂದು ಕೊಂಬೆ ಮುರಿದರೆ ಯಂತ್ರಗಳು ತಾವೇ ಮಾತಾಡಿಕೊಂಡು ಹೊಸ ಕೊಂಬೆ ಹುಡುಕಿಕೊಳ್ಳುತ್ತವೆ. 1987ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು. ಅದನ್ನು ಅವರು ಕರೆದದ್ದೇ ವದಂತಿ ಹಬ್ಬಿಸುವುದು ಎಂದು! ಸುದ್ದಿ ತಿಳಿದ ಯಂತ್ರ ಪ್ರತಿ ಸುತ್ತಿನಲ್ಲೂ ಯಾರಾದರೊಬ್ಬರನ್ನು ಆರಿಸಿ ಹೇಳುತ್ತದೆ. ಸಾವಿರ ಯಂತ್ರಗಳಿಗೆ ಸುಮಾರು 17 ಸುತ್ತು ಸಾಕು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ನಿಯಮಗಳು. ಎದುರಿಗೆ ಸಿಕ್ಕವನಿಗೆ ಸುದ್ದಿ ಈಗಾಗಲೇ ಗೊತ್ತಿದ್ದರೆ ಹೇಳುವವನ ಉತ್ಸಾಹ ಇಳಿಯಬೇಕು. ಒಂದು ಸುದ್ದಿಯನ್ನು ರದ್ದುಗೊಳಿಸಬೇಕಾದರೆ ಸುಮ್ಮನೆ ಅಳಿಸಿದರೆ ಸಾಲದು, ಬೇರೆಡೆ ಉಳಿದ ಪ್ರತಿ ಮತ್ತೆ ಹಬ್ಬುತ್ತದೆ; ಅದರ ಮರಣಪತ್ರವನ್ನೂ ಅದೇ ದಾರಿಗಳಲ್ಲಿ ಹಬ್ಬಿಸಬೇಕು. ಮರಣಪತ್ರ ಎಂಬ ಮಾತು ಅವರದೇ.

ಈ ಮರಣಪತ್ರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಊರೇ ನೋಡಿದೆ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ, ಈಶಾನ್ಯ ರಾಜ್ಯಗಳವರ ಮೇಲೆ ಇಲ್ಲಿ ದಾಳಿಯಾಗಲಿದೆ ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕಾವಲುಗಾರರು, ಹೋಟೆಲಿನ ಹುಡುಗರು, ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗ ಗೃಹಸಚಿವರಾಗಿದ್ದ ಆರ್. ಅಶೋಕ್ ಅವರು ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಟ್ಟಿಗೆ ಐವರಿಗಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ಹದಿನೈದು ದಿನಗಳ ಮಟ್ಟಿಗೆ ದೇಶದಾದ್ಯಂತ ನಿಷೇಧಿಸಿತು. ಸುಳ್ಳು ಹೋದ ದಾರಿಗೆ ಬೇಲಿ ಹಾಕಿದ್ದು ಸರಿ. ಆದರೆ ಸುಳ್ಳು ಅಷ್ಟರಲ್ಲಿ ಊರು ತಲುಪಿತ್ತು. ಆ ಬೇಲಿ ತಡೆದದ್ದು ಹಿಂದೆ ಬರಬೇಕಿದ್ದ ನಿಜವನ್ನು. ಗೆಳೆಯ ಹೇಳಿದ ಸುಳ್ಳನ್ನು ಗೆಳೆಯನೇ ಬಂದು ಅಳಿಸಿದರೆ ನಂಬಬಹುದು. ಮಂತ್ರಿಗಳು ಧ್ವನಿವರ್ಧಕದಲ್ಲಿ ಹೇಳಿದರೆ, ಪೆಟ್ಟಿಗೆ ಕಟ್ಟಿಕೊಂಡು ಪ್ಲಾಟ್‌ಫಾರಂ ಮೇಲೆ ನಿಂತವನು ಏಕೆ ನಂಬಿಯಾನು?

ಇದಕ್ಕೆ ವಿರುದ್ಧವಾದ ಪ್ರಸಂಗವೂ ಉಂಟು. 2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಡೆ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮಾಲೀಕರ ಪಾಲಿನ ಭವಿಷ್ಯನಿಧಿಯನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮರುದಿನ ಊರಿನ ಇನ್ನೊಂದು ತುದಿಯ ಪೀಣ್ಯ, ಜಾಲಹಳ್ಳಿಗಳಲ್ಲೂ ಅದೇ ದೃಶ್ಯ. ಕರೆ ಕೊಟ್ಟ ನಾಯಕರಿಲ್ಲ, ಕಾರ್ಮಿಕ ಸಂಘಗಳಿಗೇ ಅಚ್ಚರಿ. ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಸಂಜೆಯೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಸುದ್ದಿ ಅಷ್ಟು ಬೇಗ, ಅಷ್ಟು ಸರಿಯಾಗಿ ಹೇಗೆ ಹಬ್ಬಿತು? ನನ್ನ ಊಹೆ ಇದು. ಕಾರ್ಖಾನೆಯಲ್ಲಿ ಒಂದೇ ಸಾಲಿನಲ್ಲಿ ಹೊಲಿಯುವವಳು ಒಬ್ಬಳು, ವಠಾರದಲ್ಲಿ ಪಕ್ಕದ ಮನೆಯವಳು ಇನ್ನೊಬ್ಬಳು, ಅವಳು ದುಡಿಯುವುದು ಬೇರೆ ಕಾರ್ಖಾನೆಯಲ್ಲಿ. ಪ್ರತಿಯೊಬ್ಬಳಿಗೂ ಎರಡು ಕಡೆಯಿಂದ, ಮುಖಪರಿಚಯ ಉಳ್ಳವರಿಂದ ಸುದ್ದಿ. ಮೇಲೆ ನಾನು ಲೆಕ್ಕ ಹಾಕಿದ್ದನ್ನು ಆ ಹೆಣ್ಣುಮಕ್ಕಳು ಬದುಕಿನಲ್ಲೇ ಇಟ್ಟುಕೊಂಡಿದ್ದರು.

ಇನ್ನು ನಿಮ್ಮ ಬಡಾವಣೆಗಳಿಗೆ ಬರುತ್ತೇನೆ. 2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಯನ್ನು ಮರೆತಿರಲಾರಿರಿ. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಗಳಲ್ಲಿ ದೋಣಿಗಳು ಓಡಾಡಿದವು, ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಆ ದಿನಗಳಲ್ಲಿ ನಾನು ತಂಗಿದ್ದ ಬಡಾವಣೆಯ ಹೆಸರು ಬೇಡ. ಅಲ್ಲಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮನೆ ಮಾಲೀಕರು ಮಾತ್ರ ಇದ್ದರು. ಬಾಡಿಗೆದಾರರಿಲ್ಲ, ಕಾವಲುಗಾರನಿಲ್ಲ, ರಾಜಕಾಲುವೆಯ ಪಕ್ಕದ ತಗಡಿನ ಶೆಡ್ಡುಗಳಿಂದ ಪಾತ್ರೆ ತೊಳೆಯಲು ಬರುವ ಹೆಂಗಸರಂತೂ ಇಲ್ಲವೇ ಇಲ್ಲ. ನೀರು ಮೊದಲು ನುಗ್ಗಿದ್ದು ಶೆಡ್ಡುಗಳಿಗೆ, ಆಮೇಲೆ ಗೇಟಿಗೆ, ಕೊನೆಗೆ ಮಾಲೀಕರ ಮನೆಗಳಿಗೆ. ಎಲ್ಲರಿಗಿಂತ ಮೊದಲು ತಿಳಿದವರಿಗೆ ಹೇಳುವ ದಾರಿಯಿರಲಿಲ್ಲ! ಕಾವಲುಗಾರ ಕಾರ್ಯದರ್ಶಿಗಳಿಗೆ ಫೋನ್ ಮಾಡಿದ. ಅವರ ಫೋನು ಮೌನವ್ರತದಲ್ಲಿತ್ತು. ಬೆಳಗಾದ ಮೇಲೆ ಗುಂಪಿನಲ್ಲಿ ಮುಳುಗಿದ ಅದೇ ಕಾರಿನ ಅದೇ ಚಿತ್ರ ಹನ್ನೊಂದು ಸಲ ಬಂತು. ಅದರ ನಡುವೆ "ಔಷಧ ಬೇಕು" ಎಂದು ಒಬ್ಬ ವೃದ್ಧೆ ಬರೆದದ್ದು ಮಧ್ಯಾಹ್ನದವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ.

ಸರ್ಕಾರವೇ ಎಚ್ಚರಿಕೆ ಕೊಡುತ್ತದಲ್ಲ ಎನ್ನುತ್ತೀರಿ. ಹೌದು, 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಟ್ಟಿಗೆ ಕಿರುಚಿದ್ದನ್ನು ನಾನೂ ಕೇಳಿದೆ. ಸಿ-ಡಾಟ್ ರೂಪಿಸಿದ ಆ ಎಚ್ಚರಿಕೆ ವ್ಯವಸ್ಥೆ ಒಳ್ಳೆಯದೇ. ಆದರೆ ಮೇಲಿನಿಂದ ಬರುವ ಮಾತು ಭಾರಿ ಮಳೆಯೆಂದು ಹೇಳಬಲ್ಲದು, ನಿಮ್ಮ ಮೂರನೆಯ ಅಡ್ಡರಸ್ತೆಯ ಚರಂಡಿ ಉಕ್ಕಿದೆಯೆಂದು ಹೇಳಲಾರದು. ಅದೇ ಸಿ-ಡಾಟ್ ಸಂಸ್ಥೆ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ 128 ಲೈನುಗಳ ಪುಟ್ಟ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವನ್ನು ನಿಲ್ಲಿಸಿತ್ತು. ಊರೊಳಗಿನ ಕರೆಗಳನ್ನು ಊರಲ್ಲೇ ಜೋಡಿಸುವ, ಹವಾನಿಯಂತ್ರಣವೂ ಬೇಡದ ಯಂತ್ರ. ದೊಡ್ಡ ಜಾಲಕ್ಕೆ ಇಂಥ ಸಣ್ಣ ಗಂಟುಗಳು ಬೇಕೆಂಬುದನ್ನು ಆ ಎಂಜಿನಿಯರುಗಳು ಬಲ್ಲವರಾಗಿದ್ದರು.

"ಮನುಷ್ಯರು ಯಂತ್ರಗಳಲ್ಲ ಸಾರ್, ನಿಯಮಕ್ಕೆ ಒಗ್ಗುವುದಿಲ್ಲ" ಎಂದ ಒಬ್ಬ ಶಿಷ್ಯ. ಅಲ್ಲಯ್ಯಾ, ನಿಮ್ಮ ಶಾಲೆಯ ಸುತ್ತೋಲೆ ಪುಸ್ತಕ ನೆನಪಿಲ್ಲವೆ? ಜವಾನ ತರಗತಿಯಿಂದ ತರಗತಿಗೆ ಒಯ್ಯುತ್ತಿದ್ದ, ಓದಿದ ಮೇಷ್ಟ್ರು ರುಜು ಹಾಕುತ್ತಿದ್ದರು, ರುಜು ಹಾಕಿದವರ ಬಳಿಗೆ ಅದು ಮತ್ತೆ ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಡಂಗುರದವನು ಎಲ್ಲೆಲ್ಲಿ ನಿಂತು ಸಾರಬೇಕೆಂಬುದು ಮಕ್ಕಳಿಗೂ ಗೊತ್ತಿತ್ತು. ಅವನು ಸಾರಿದ್ದನ್ನೇ ಪ್ರತಿ ಮನೆಯವರೂ ತಮಟೆ ಹಿಡಿದು ಮತ್ತೆ ಸಾರಿದ್ದರೆ ಊರಿನ ಗತಿಯೇನು? ವಾಟ್ಸ್ಆ್ಯಪ್ ಕಂಪನಿ 2018ರಲ್ಲಿ ಭಾರತದಲ್ಲಿ ಫಾರ್ವರ್ಡನ್ನು ಐದಕ್ಕೆ ಮಿತಿಗೊಳಿಸಿತು, 2020ರಲ್ಲಿ ಬಹಳ ಸಲ ಹಬ್ಬಿದ್ದನ್ನು ಒಂದಕ್ಕೆ ಇಳಿಸಿತು. ಅದು ಮೂಗುದಾರ ಮಾತ್ರ. ನೇಗಿಲು ಯಾವ ಸಾಲಿನಲ್ಲಿ ಹೋಗಬೇಕೆಂಬುದನ್ನು ನೀವೇ ನಿರ್ಧರಿಸಬೇಕು.

ಕೆಲಸ ಒಂದು ಭಾನುವಾರದ್ದು. ಒಂದು ಹಾಳೆಯ ಮೇಲೆ ಮನೆಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಯಾರಿಂದ ಸುದ್ದಿ ಬರುತ್ತದೆ ಎಂಬ ಎರಡು ಹೆಸರು, ಯಾರಿಗೆ ಹೇಳಬೇಕು ಎಂಬ ಹೆಸರುಗಳು. ವಿದ್ಯುತ್ತಾಗಲಿ ಮೊಬೈಲ್ ಗೋಪುರವಾಗಲಿ ಕೈಕೊಟ್ಟರೂ ನಡೆದುಹೋಗಿ ಬಾಗಿಲು ತಟ್ಟುವಷ್ಟು ಹತ್ತಿರದವರಾಗಿರಲಿ. ಪ್ರತಿ ಸುದ್ದಿಗೂ ಹೇಳಿದವರ ಹೆಸರು, ಗಂಟೆ ಮತ್ತು ಒಂದು ಸಂಖ್ಯೆ ಇರಲಿ, ಸುಳ್ಳಾದರೆ ಅದೇ ಸಂಖ್ಯೆಯ ಮೇಲೆ ಮರಣಪತ್ರ ಹೊರಡಲಿ. ಪಟ್ಟಿಯ ತುದಿಯಲ್ಲಿ ಕಾವಲುಗಾರನ ಹೆಸರೂ ಶೆಡ್ಡಿನವರಲ್ಲಿ ಒಬ್ಬರ ಹೆಸರೂ ಇರಲೇಬೇಕು. ಇಲ್ಲದ ಪಟ್ಟಿಯನ್ನು ನಾನು ಪಟ್ಟಿಯೆಂದು ಒಪ್ಪುವುದಿಲ್ಲ. ಬರುವ ಮಳೆಗಾಲದೊಳಗೆ ಮಾಡಿದವರು ನನಗೊಂದು ಪ್ರತಿ ಕಳುಹಿಸಿ, ಹಿಂದಿನಂತೆಯೇ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತೇನೆ.