ಹೂಲಿಯು ಹುಲಿಯಾದ ಬಗೆ

ಸವದತ್ತಿಗೆ ಸಮೀಪದ ಹೂಲಿಯನ್ನು ಕಂಡವರು ಅಲ್ಲಿಯ ಪಂಚಲಿಂಗೇಶ್ವರ ದೇವಾಲಯವನ್ನು ಮರೆಯಲಾರರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಹೆಸರಾದ ಅಗ್ರಹಾರ. ಶಾಸನಗಳಲ್ಲಿ ಇದರ ಹೆಸರು ಪೂಲಿ. ಹಳಗನ್ನಡದ ಪಕಾರವು ಮುಂದೆ ಹಕಾರವಾಗಿ ಪಾಲು ಹಾಲಾದಂತೆ, ಪೂಲಿಯು ಹೂಲಿಯಾಯಿತು.

ಈ ಊರನ್ನು ಕುರಿತು ಪ್ರಬಂಧ ಬರೆಯಹೊರಟ ಬಿ.ಎ. ವಿದ್ಯಾರ್ಥಿಯೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಇಂಗ್ಲಿಷ್ ಬರೆಹಗಳಲ್ಲಿ ಊರಿನ ಹೆಸರು ದೀರ್ಘದ ಗುರುತಿಲ್ಲದೆ ಅಚ್ಚಾಗುವುದುಂಟು. ಅಂಥದೊಂದು ಬರೆಹದಿಂದ ಇನ್ನಾರೋ ಎತ್ತಿಕೊಂಡಿದ್ದ ಎರಡು ಸಾಲುಗಳು ಮಾತ್ರ ಇವನ ಕಣ್ಣಿಗೆ ಬಿದ್ದಿವೆ. ಪೂಲಿಯನ್ನು ಪುಲಿಯೆಂದು ಓದಿಕೊಂಡು, ಪುಲಿಯೆಂದರೆ ಹುಲಿ, ಪೂರ್ವದಲ್ಲಿ ಇಲ್ಲಿ ಹುಲಿಗಳಿದ್ದುವು ಎಂದು ಬರೆದೇಬಿಡುತ್ತಾನೆ. ಅಡಿಟಿಪ್ಪಣಿಯಲ್ಲಿ ಗಂಭೀರವಾಗಿ 'ಆಧಾರ: ಫ್ಲೀಟ್' ಎಂದು ಸೇರಿಸುತ್ತಾನೆ. ಜೆ. ಎಫ್. ಫ್ಲೀಟರು 1917ರಲ್ಲಿಯೇ ತೀರಿಕೊಂಡವರು. ಹಾಗೆ ತಾವು ಹೇಳಿಲ್ಲವೆಂದು ಬಂದು ವಾದಿಸಲಾರರು.

ಇದು ನಗೆಯ ಮಾತಾಗಿ ಮುಗಿದರೆ ಚಿಂತೆಯಿರಲಿಲ್ಲ. ಪ್ರಬಂಧವು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಅಲ್ಲಿಂದ ಜಾತ್ರೆಯ ಸ್ಮರಣಸಂಚಿಕೆಗೆ ಹೋಗುತ್ತದೆ. ಮೂರು ವರ್ಷಗಳಲ್ಲಿ ಊರ ಮಕ್ಕಳೇ ತಮ್ಮ ಊರಿನ ಹೆಸರಿಗೆ ಇಲ್ಲದ ಹುಲಿಯನ್ನು ಸಾಕ್ಷಿ ಕರೆಯುತ್ತಾರೆ. ಕೇಳಿದರೆ, ಫ್ಲೀಟರು ಹೇಳಿದ್ದಾರಲ್ಲ ಎಂಬ ಉತ್ತರ!

ಹೂಲಿಯ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ 18ನೆಯ ಸಂಪುಟದಲ್ಲಿ ಸಂಪಾದಿಸಿದವರು ಎಲ್. ಡಿ. ಬಾರ್ನೆಟ್. ಆ ಪುಟಗಳನ್ನು ಒಮ್ಮೆ ತೆರೆದು ನೋಡಿದ್ದರೆ ಸಂದೇಹಕ್ಕೆ ಎಡೆಯಿರುತ್ತಿರಲಿಲ್ಲ. ಹಿಂದಿನಂತೆ ಅದಕ್ಕಾಗಿ ಧಾರವಾಡದ ಗ್ರಂಥಾಲಯದವರೆಗೆ ಹೋಗಬೇಕಾದ ಶ್ರಮವೂ ಈಗಿಲ್ಲ. ಹಳೆಯ ಸಂಪುಟಗಳು ಕೈಯಲ್ಲಿಯ ಫೋನಿನಲ್ಲಿಯೇ ಓದಲು ದೊರೆಯುತ್ತವೆ.

ಹಾಗೆ ನೋಡಿದ ಮೇಲೂ 'ಹೂಲಿಯ ಶಾಸನದಲ್ಲಿದೆ' ಎಂದಷ್ಟೇ ಬರೆದರೆ ಸಾಲದು. ಊರಿನಲ್ಲಿರುವುದು ಒಂದೇ ಕಲ್ಲಲ್ಲ. ಸಂಪುಟ, ಶಾಸನದ ಸಂಖ್ಯೆ, ಸಾಲು, ಇಷ್ಟನ್ನು ಕೊಟ್ಟರೆ ಅನುಮಾನಿಸುವವನು ತಾನೇ ಹೋಗಿ ನೋಡಿಕೊಂಡಾನು. ವರ್ಷವನ್ನು ಕೊಡುವಾಗ ಶಕವೋ ಕ್ರಿಸ್ತಶಕವೋ ಎಂಬುದನ್ನೂ ಹೇಳಬೇಕು. ನೆರೆಯ ಸವದತ್ತಿಯಲ್ಲಿ ರಟ್ಟರ ಶಾಂತಿವರ್ಮನ ಶಾಸನದ ಕಾಲ ಶಕ 902, ಎಂದರೆ ಕ್ರಿ.ಶ. 980. 'ಶಕ' ಎಂಬ ಎರಡಕ್ಷರಗಳನ್ನು ನುಂಗಿದವನು ಶಾಂತಿವರ್ಮನನ್ನು 78 ವರ್ಷ ಹಿಂದಕ್ಕೆ, ಚಾಲುಕ್ಯ ತೈಲಪನ ಆಳ್ವಿಕೆಯಿಂದ ರಾಷ್ಟ್ರಕೂಟರ ಕಾಲಕ್ಕೆ ದಬ್ಬಿರುತ್ತಾನೆ.

ಮೂಲವು ಸಿಕ್ಕದೆ ಹೋಗುವುದೂ ಉಂಟು, ಅದು ಅಪರಾಧವಲ್ಲ. ಆಗ ಫ್ಲೀಟರ ಮಾತನ್ನು ಯಾರ ಗ್ರಂಥದಲ್ಲಿ ಕಂಡನೋ ಆ ಗ್ರಂಥವನ್ನೂ ಪುಟವನ್ನೂ ಹೇಳಿ 'ಅಲ್ಲಿ ಉದ್ಧೃತ' ಎಂದು ಬರೆದರಾಯಿತು. ಹಲವು ಹುಡುಗರಿಗೆ ಇದು ಅವಮಾನವೆನಿಸುತ್ತದೆ. ಆದುದರಿಂದ ಪರರ ಅಡಿಟಿಪ್ಪಣಿಗಳನ್ನು ಇಡಿಯಾಗಿ ಎತ್ತಿಕೊಳ್ಳುತ್ತಾರೆ. ಅಂಥ ಪ್ರಬಂಧವನ್ನು ಗುರುತಿಸಲು ಪರೀಕ್ಷಕರಿಗೆ ಹೆಚ್ಚು ಹೊತ್ತು ಬೇಡ. ಅದರ ಮೊಟ್ಟಮೊದಲನೆಯ ಟಿಪ್ಪಣಿಯೇ 'ಅದೇ, ಪುಟ 45' ಎಂದಿರುತ್ತದೆ.